ಹೊಸ ಆಲ್ಪೀನ್ ಎ110 ಓಡಿಸಿ ಬಂದೆ. ಹಳೇ ಹೆಸರಿಗೆ ತಕ್ಕ ಕಾರು ಅನ್ನಿಸಿತು. ನೀವೇನಂತೀರಿ?

ಮೂಡಿಗೆರೆ ಮಳೆ:

ಎಲ್ಲರಿಗೂ ನಮಸ್ಕಾರ. ಆಫೀಸ್ ಕೆಲಸದ ಮೇಲೆ ಆರು ತಿಂಗಳು ಫ್ರಾನ್ಸ್‌ನಲ್ಲಿದ್ದೆ. ಹೋದ ವಾರ ಊರಿಗೆ ಬಂದೆ. ಅಲ್ಲಿ ನನ್ನ ಜೊತೆ ಕೆಲಸ ಮಾಡುವವರೊಬ್ಬರ ಹತ್ತಿರ ನೀಲಿ ಆಲ್ಪೀನ್ ಎ110 ಇದೆ. ಹಳೇದಲ್ಲ, 2017ರ ಜಿನೀವಾ ಮೋಟಾರ್ ಶೋದಲ್ಲಿ ತೋರಿಸಿದರಲ್ಲ, ಆ ಹೊಸದು. ಒಂದು ಭಾನುವಾರ ಬೆಳಿಗ್ಗೆ ಅವರು ಕೀ ಕೈಗಿಟ್ಟು "ತಗೋ, ಓಡಿಸು" ಅಂದರು. ಆ ಒಂದೂವರೆ ಗಂಟೆ ಬಗ್ಗೆ ಇಲ್ಲಿ ಬರೆಯದಿದ್ದರೆ ನನಗೆ ಸಮಾಧಾನ ಆಗಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಡಿಯೆಪ್ ಅಂತ ಫ್ರಾನ್ಸ್‌ನ ಸಮುದ್ರದ ದಡದ ಊರು. ಅಲ್ಲಿ ರೆನೋ ಡೀಲರ್ ಆಗಿದ್ದ ಝಾನ್ ರೆಡೆಲೆ ತಮ್ಮ ಪುಟ್ಟ 4ಸಿವಿ ಕಾರನ್ನೇ ರೇಸಿಗೆ, ರ‍್ಯಾಲಿಗೆ ಇಳಿಸುತ್ತಿದ್ದರು. ಆಲ್ಪ್ಸ್ ಬೆಟ್ಟದ ರಸ್ತೆಗಳಲ್ಲಿ ಓಡಿಸಿದ ಖುಷಿ ಅವರ ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು. 1955ರಲ್ಲಿ ಸ್ವಂತ ಕಂಪನಿ ಶುರು ಮಾಡಿದಾಗ ಅದಕ್ಕೆ ಆಲ್ಪೀನ್ ಅಂತಲೇ ಹೆಸರಿಟ್ಟರು. 1962ರಲ್ಲಿ ಎ110 ಬಂತು. ಬೆನ್ನೆಲುಬಿನಂಥ ಉಕ್ಕಿನ ಚಾಸಿ, ಮೇಲೆ ಫೈಬರ್ ಬಾಡಿ, ಹಿಂದುಗಡೆ ರೆನೋ ಇಂಜಿನ್. ತೂಕ 700 ಕೆಜಿ ಆಸುಪಾಸು, ಅಷ್ಟೇ. 1977ರವರೆಗೆ ಅದು ತಯಾರಾಯಿತು. 1995ಕ್ಕೆ ಆಲ್ಪೀನ್ ಹೆಸರಿನ ಕಾರುಗಳೇ ನಿಂತುಹೋದವು. 22 ವರ್ಷ ಆದಮೇಲೆ ಅದೇ ಡಿಯೆಪ್‌ನಿಂದ ಈ ಹೊಸದು ಬಂದಿದೆ.

ನೋಡಲು ಹಳೇದರ ಮೊಮ್ಮಗನ ಹಾಗೇ ಇದೆ. ಮುಂದೆ ನಾಲ್ಕು ದುಂಡು ಲೈಟು, ಬಾನೆಟ್ ಮಧ್ಯೆ ಉದ್ದಕ್ಕೆ ಒಂದು ಏಣು, ಹಿಂದೆ ಬಾಗಿದ ಗಾಜು. ಆದರೆ ನನ್ನ ಮನಸ್ಸಿಗೆ ಹಿಡಿಸಿದ್ದು ಅದಲ್ಲ. ಸೀಟು. ಅವರ ಕಾರಿನ ಸೀಟು ಒಂದೇ ಅಚ್ಚಿನದು, ಹಿಂದಕ್ಕೆ ಒರಗಿಸೋಕೆ ಆಗಲ್ಲ. ಒಂದೊಂದರ ತೂಕ ಬರೀ 13.1 ಕೆಜಿ. ಹಿಂದಿನ ಬ್ರೇಕಿನ ಡಿಸ್ಕ್ ಹಿಡಿಯುವ ಕ್ಯಾಲಿಪರ್ ಒಳಗೇ ಹ್ಯಾಂಡ್‌ಬ್ರೇಕನ್ನೂ ಸೇರಿಸಿ ಎರಡೂವರೆ ಕೆಜಿ ಉಳಿಸಿದ್ದಾರೆ. ಎರಡೂವರೆ ಕೆಜಿಗಾಗಿ ಅಷ್ಟು ಕಷ್ಟಪಟ್ಟಿದ್ದಾರೆ! ಹೀಗೆ ಕೂಡಿಸಿ ಕಳೆದು ಇಡೀ ಕಾರನ್ನು 1100 ಕೆಜಿಗೆ ನಿಲ್ಲಿಸಿದ್ದಾರೆ. 1.8 ಲೀಟರ್ ಟರ್ಬೊ ಇಂಜಿನ್, 252 ಎಚ್‌ಪಿ. ನಿಂತಲ್ಲಿಂದ 100 ಮುಟ್ಟೋಕೆ ನಾಲ್ಕೂವರೆ ಸೆಕೆಂಡ್.

ಹಳ್ಳಿ ರಸ್ತೆ, ಎರಡೂ ಕಡೆ ಬೇಲಿ. ಒಂದು ಕಡೆ ರಸ್ತೆ ಕುಸಿದು ಅಲೆ ಅಲೆ ಆಗಿತ್ತು. ಬೇರೆ ಸ್ಪೋರ್ಟ್ಸ್ ಕಾರು ಆಗಿದ್ದರೆ ಸೊಂಟ ಮುರಿಯುತ್ತಿತ್ತು. ಇದು ಮೆತ್ತಗೆ ಇಳಿದು ಮೆತ್ತಗೆ ಎದ್ದಿತು, ಒಂದೇ ಸಲ. ಎರಡನೇ ಸಲ ಕುಣಿಯಲಿಲ್ಲ. ಸ್ಟೇರಿಂಗ್ ಎರಡು ಬೆರಳು ತಿರುಗಿಸಿದರೆ ಸಾಕು, ಮೂತಿ ಆಗಲೇ ತಿರುವಿನೊಳಗೆ. ಭಾರ ಕಮ್ಮಿ ಇರೋದರಿಂದ ಸ್ಪ್ರಿಂಗನ್ನು ಗಟ್ಟಿ ಮಾಡುವ ಅಗತ್ಯವೇ ಬಿದ್ದಿಲ್ಲ. ಆಗ ನನಗೆ ನಮ್ಮ ಚಾರ್ಮಾಡಿ ನೆನಪಾಯಿತು. ಕೊಟ್ಟಿಗೆಹಾರ ದಾಟಿ ಮಂಜಿನಲ್ಲಿ ಇಳಿಯುವಾಗ ಈ ಕಾರು ಕೈಯಲ್ಲಿದ್ದರೆ ಹೇಗಿರುತ್ತಿತ್ತು ಅಂತ.

ನನ್ನ ಲೆಕ್ಕದಲ್ಲಿ ಇದು ಹಳೇ ಹೆಸರು ಉಳಿಸಿದ ಕಾರು. ನೀವು ಹೇಳಿ.

ಕೆಎ-18 ರ‍್ಯಾಲಿ:

ಸರ್, ಓದಿ ಹೊಟ್ಟೆ ತುಂಬಿತು. ಆದರೆ ನಾನು ಪೂರ್ತಿ ಒಪ್ಪಲ್ಲ. ಕಾರಣ ಹೇಳ್ತೀನಿ.

ಎ110 ಹೆಸರು ಮಾಡಿದ್ದು ಶೋರೂಮಿನಲ್ಲಲ್ಲ, ರ‍್ಯಾಲಿಯಲ್ಲಿ. 1973ರಲ್ಲಿ ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್ ಮೊದಲ ಸಲ ನಡೆಯಿತು. ಆ ಮೊದಲ ವರ್ಷದ ತಯಾರಕರ ಪ್ರಶಸ್ತಿ ಆಲ್ಪೀನ್‌ಗೇ. ಆ ಸಲದ ಮೊದಲ ಸುತ್ತು ಮಾಂಟೆ ಕಾರ್ಲೊ. ಅಲ್ಲಿ ಮೊದಲನೇ, ಎರಡನೇ, ಮೂರನೇ ಸ್ಥಾನ ಮೂರೂ ಎ110ಗಳೇ. ದೊಡ್ಡ ದೊಡ್ಡ ಇಂಜಿನ್ ಇದ್ದವರನ್ನೆಲ್ಲ ಹಿಮದ ಮೇಲೆ ಈ ಪುಟ್ಟ ಫೈಬರ್ ಕಾರು ಸೋಲಿಸಿತು. ಹೇಗೆ? ಇಂಜಿನ್ ಹಿಂದಿನ ಚಕ್ರದ ಹಿಂದೆ ನೇತಾಡುತ್ತಿತ್ತು. ಆ ಭಾರಕ್ಕೆ ಚಕ್ರ ನೆಲ ಕಚ್ಚುತ್ತಿತ್ತು. ಡ್ರೈವರ್ ಹಿಂಭಾಗವನ್ನು ಬೇಕಂತಲೇ ಬೀಸಿ ತಿರುವಿಗೆ ಹಾಕುತ್ತಿದ್ದ.

ಹೊಸದರಲ್ಲಿ ಇಂಜಿನ್ ಸೀಟಿನ ಹಿಂದೆ, ಮಧ್ಯಕ್ಕೆ ಬಂದಿದೆ. ಅದಾದರೂ ಹೋಗಲಿ. ಗೇರ್ ಲಿವರ್ ಎಲ್ಲಿ? ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಬಿಟ್ಟರೆ ಬೇರೆ ಕೊಡಲೇ ಇಲ್ಲ. ನನಗೆ ನಿಜಕ್ಕೂ ಬೇಜಾರಾಗಿದ್ದು ಅಲ್ಲಿ.

ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್ ಸುತ್ತು ಚಿಕ್ಕಮಗಳೂರಿನ ನಮ್ಮ ಎಸ್ಟೇಟ್‌ಗಳಲ್ಲಿ ನಡೆದಾಗ ಬೆಳಿಗ್ಗೆ ಐದಕ್ಕೇ ಹೋಗಿ ನಿಲ್ಲುತ್ತಿದ್ದೆ. ಡ್ರೈವರ್ ಗೌರವ್ ಗಿಲ್ ಅವರ ಸ್ಕೋಡಾ ಫೇಬಿಯಾ ಬರುವುದು ಕಾಣುವ ಮುಂಚೆ ಕೇಳುತ್ತಿತ್ತು. ಸಿಲ್ವರ್ ಓಕ್ ಮರಗಳ ಆ ಕಡೆಯಿಂದ ಟಪ್, ಟಪ್, ಟಪ್ ಅಂತ ಗೇರ್ ಇಳಿಸುವ ಸದ್ದು. ಆಮೇಲೆ ಕಾರು. ಆಮೇಲೆ ಕೆಂಪು ಧೂಳು. ಧೂಳು ಅಡಗಿದ ಮೇಲೆ ನೋಡಿದರೆ ಕಾಫಿ ಗಿಡದ ಎಲೆಯೆಲ್ಲ ಇಟ್ಟಿಗೆ ಬಣ್ಣ. ಆ ಮನುಷ್ಯ ಮೂರು ಸಲ ಏಷ್ಯಾ ಪೆಸಿಫಿಕ್ ಚಾಂಪಿಯನ್. 2019ರಲ್ಲಿ ಅರ್ಜುನ ಪ್ರಶಸ್ತಿ ಬಂತು, ನಮ್ಮ ದೇಶದ ಮೋಟಾರ್ ಸ್ಪೋರ್ಟ್ಸ್‌ಗೆ ಅದೇ ಮೊದಲು. ಅವರ ಕೈ ಗೇರ್ ಮೇಲೆ ಹೇಗೆ ಓಡುತ್ತಿತ್ತು ಅಂತ ಕಣ್ಣಾರೆ ನೋಡಿದವನು ನಾನು. ಆ ಕೈಗೆ ಕೆಲಸವೇ ಇಲ್ಲ ಅಂದರೆ ರ‍್ಯಾಲಿ ಹೆಸರಿನ ಕಾರು ಅಂತ ಹೇಗೆ ಒಪ್ಪಲಿ?

ಹಾಸನ ಗ್ಯಾರೇಜ್:

ನಾನು ಬಿ.ಎಂ. ರಸ್ತೆ ಕಡೆ ಕೆಲಸ ಮಾಡುವವನು. ಆಲ್ಪೀನ್ ಮುಟ್ಟಿಲ್ಲ. ಆದರೆ ಫೈಬರ್ ಕಾರು ಮುಟ್ಟಿದ್ದೇನೆ, ಅದರ ಬಗ್ಗೆ ಹೇಳಬಹುದು.

ಸಿಪಾನಿ ಡಾಲ್ಫಿನ್ ನೆನಪಿದೆಯಾ? ಬೆಂಗಳೂರಿನಲ್ಲೇ ತಯಾರಾಗುತ್ತಿತ್ತು, 1982ರಿಂದ. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅಂತ ಒಂದು ಕಾರಿತ್ತು, ಅದರ ಆಧಾರದ ಮೇಲೆ ಮಾಡಿದ್ದು. 848 ಸಿಸಿ ಇಂಜಿನ್, ಎರಡು ಬಾಗಿಲು, ಪೂರಾ ಫೈಬರ್ ಬಾಡಿ. ಜನ ಅದನ್ನು ಕಡೆಗಣಿಸಿದರು. ಆದರೆ ಅದು ಎಷ್ಟು ಹಗುರ ಅಂದರೆ ಇಬ್ಬರು ಹಿಂಭಾಗ ಎತ್ತಿ ಪಕ್ಕಕ್ಕೆ ಸರಿಸಿ ಇಡುತ್ತಿದ್ದೆವು. ಓಡಿಸಿದವರಿಗೆ ಗೊತ್ತು ಅದರ ಚುರುಕು.

ಒಬ್ಬರ ಡಾಲ್ಫಿನ್ ಮುಂಭಾಗ ಗುದ್ದಿಸಿಕೊಂಡು ಬಂತು. ತಗಡಾದರೆ ಹಿಂದಿನಿಂದ ಡಾಲಿ ಅನ್ನೋ ಕಬ್ಬಿಣದ ಗಟ್ಟಿ ಕೊಟ್ಟು ಸುತ್ತಿಗೆಯಲ್ಲಿ ತಟ್ಟಿ ಎಬ್ಬಿಸಬಹುದು. ಫೈಬರ್ ಹಾಗಲ್ಲ, ಒಡೆದು ಚೂರು ಚೂರು. ಚೂರುಗಳನ್ನು ಗೋಣಿಚೀಲದಲ್ಲಿ ತಂದಿದ್ದರು. ನಮ್ಮ ಟಿಂಕರ್ ಅದನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಒಂದೊಂದೇ ಹೊಂದಿಸಿದರು. ಒಳಗಿನಿಂದ ಫೈಬರ್ ಮ್ಯಾಟ್ ಇಟ್ಟು, ಅಂಟಿನಂಥ ರೆಸಿನ್ ಬಳಿದು, ಬ್ರಷ್ಷಿನಿಂದ ಕುಟ್ಟಿ ಕುಟ್ಟಿ ಗಾಳಿ ತೆಗೆದರು. ಆಗ ಜುಲೈ. ಹಾಸನದ ಥಂಡಿಗೆ ರೆಸಿನ್ ಒಣಗಲೇ ಇಲ್ಲ. ಹಾರ್ಡ್‌ನರ್ ಜಾಸ್ತಿ ಹಾಕಿದರೆ ಬಿರುಕು ಬಿಡುತ್ತದೆ. ಕೊನೆಗೆ ಎರಡು ದೊಡ್ಡ ಬಲ್ಬು ನೇತುಹಾಕಿ ರಾತ್ರಿಯಿಡೀ ಶಾಖ ಕೊಟ್ಟೆವು. ಬೆಳಿಗ್ಗೆ ಉಗುರಲ್ಲಿ ಒತ್ತಿದರೆ ಗಟ್ಟಿ. ಅವತ್ತಿನ ಸಂತೋಷ ಇವತ್ತಿಗೂ ನೆನಪಿದೆ.

ಹೇಳೋಕೆ ಬಂದಿದ್ದು ಇದು. ಹಳೇ ಎ110 ಒಡೆದರೆ ನಮ್ಮಂಥವರು ಎಲ್ಲಿ ಬೇಕಾದರೂ ಕಟ್ಟಬಹುದು. ಹೊಸದು ಅಲ್ಯೂಮಿನಿಯಂ, ಅಂಟು ಹಾಕಿ ರಿವೆಟ್ ಹೊಡೆದು ಕೂಡಿಸಿದ್ದು. ಅಂಟು ಹಾಕಿದ ಕಡೆ ವೆಲ್ಡಿಂಗ್ ಶಾಖ ತಾಗಿಸುವ ಹಾಗಿಲ್ಲ. ಅದಕ್ಕೆ ಬೇರೆ ಜಾಗ, ಬೇರೆ ಸಾಮಾನು, ಬೇರೆ ತರಬೇತಿ ಬೇಕು. ಇನ್ನು 50 ವರ್ಷ ಆದಮೇಲೆ ಯಾರಾದರೂ ಗೋಣಿಚೀಲದಲ್ಲಿ ಚೂರು ತಂದರೆ ಅದನ್ನು ಎಬ್ಬಿಸೋರು ಯಾರು? ಹಳೇ ಕಾರು ಉಳಿದಿದ್ದು ರಿಪೇರಿ ಆಗುತ್ತಿತ್ತು ಅಂತ.

ಮೆಕ್ಯಾನಿಕಲ್ ಮೂರನೇ ವರ್ಷ:

ಸರ್, ನಾನು ಹಾಸನದಲ್ಲೇ ಬಿ.ಇ. ಓದುತ್ತಿದ್ದೇನೆ. ನಿಮ್ಮೆಲ್ಲರಿಗಿಂತ ಚಿಕ್ಕವನು, ತಪ್ಪಿದ್ದರೆ ತಿದ್ದಿ.

ಹಳೇದನ್ನೇ ಮತ್ತೆ ಯಾಕೆ ಮಾಡಬೇಕು ಅನ್ನೋದು ನನ್ನ ಪ್ರಶ್ನೆ. 2019ರ ಟೊಯೋಟಾ ಸುಪ್ರಾ ನೋಡಿ. ಹೆಸರು ಟೊಯೋಟಾದ್ದು, ಇಂಜಿನ್ ಬಿಎಂಡಬ್ಲ್ಯು, ತಯಾರಾಗಿದ್ದು ಆಸ್ಟ್ರಿಯಾದಲ್ಲಿ. 2016ರ ಫಿಯೆಟ್ 124 ಸ್ಪೈಡರ್ ಒಳಗೆ ಇದ್ದದ್ದು ಮಾಜ್ದಾ ಚಾಸಿ. ಹಳೇ ಹೆಸರಿಗೆ ಇರುವ ಪ್ರೀತಿಯನ್ನು ಕಂಪನಿಗಳು ಬಳಸಿಕೊಳ್ಳುತ್ತಿವೆ ಅನ್ನಿಸುತ್ತದೆ. ಆ ದುಡ್ಡು, ಆ ತಲೆ ಎರಡನ್ನೂ ಪೂರ್ತಿ ಹೊಸದೊಂದಕ್ಕೆ ಹಾಕಬಾರದಾ? ಮುಂದಿನ ಎ110 ಎಲೆಕ್ಟ್ರಿಕ್ ಅಂತ ಆಲ್ಪೀನ್‌ನವರೇ ಹೇಳಿದ್ದಾರೆ. ಆಗ ಅದರಲ್ಲಿ ಹಳೇದು ಅಂತ ಉಳಿಯೋದು ನಾಲ್ಕು ಲೈಟು ಅಷ್ಟೇ ಅಲ್ವಾ?

ಕೆಎ-18 ರ‍್ಯಾಲಿ:

ತಮ್ಮಾ, ಸುಪ್ರಾ ವಿಷಯದಲ್ಲಿ ಒಂದು ಮಾತು. ಬಂದಾಗ ಅದಕ್ಕೂ ಬರೀ ಆಟೊಮ್ಯಾಟಿಕ್ ಇತ್ತು. ಅಭಿಮಾನಿಗಳು ಬಿಡದೆ ಕೇಳಿದರು. 2022ರಲ್ಲಿ ಮ್ಯಾನ್ಯುವಲ್ ಗೇರ್ ಕೊಟ್ಟರು. ನಿಸ್ಸಾನ್ ಝಡ್ ಕೂಡ ಅಷ್ಟೇ, ಹೊಸದರಲ್ಲಿ 400 ಎಚ್‌ಪಿ ಇದ್ದರೂ ಆರು ಗೇರಿನ ಮ್ಯಾನ್ಯುವಲ್ ಸಿಗುತ್ತದೆ. ಅದರ ಅಜ್ಜ 240ಝಡ್ ಎರಡು ಸಲ ಸಫಾರಿ ರ‍್ಯಾಲಿ ಗೆದ್ದಿದ್ದು, 1971 ಮತ್ತು 1973ರಲ್ಲಿ. ಹೆಸರಿಗೆ ಮರ್ಯಾದೆ ಕೊಡುವುದು ಅಂದರೆ ಇದು.

ಆಲ್ದೂರು ಜೀಪ್:

ನಾನು ತೋಟದವನು. ಸ್ಪೋರ್ಟ್ಸ್ ಕಾರಿನ ಬಗ್ಗೆ ಓದೋದು ಜಾಸ್ತಿ, ಓಡಿಸಿದ್ದು ಇಲ್ಲ. ನಮ್ಮ ಮನೆಯಲ್ಲಿರೋದು ಅಜ್ಜನ ಕಾಲದ ಮಹೀಂದ್ರ ಜೀಪು, ಅಮೆರಿಕದ ವಿಲ್ಲಿಸ್ ಕಂಪನಿ ಮಾದರಿದು. ಈ ಚರ್ಚೆ ಓದುತ್ತಾ ಒಂದು ವಿಷಯ ನೆನಪಾಯಿತು, ನಿಮಗೆಲ್ಲ ಇಷ್ಟ ಆಗಬಹುದು.

ಆಲ್ಪೀನ್ ಬರೀ ಫ್ರಾನ್ಸ್‌ನಲ್ಲಿ ತಯಾರಾಗಲಿಲ್ಲ. ಮೆಕ್ಸಿಕೊದಲ್ಲಿ ಡಿನಾಲ್ಪಿನ್ ಅಂತ, ಬಲ್ಗೇರಿಯಾದಲ್ಲಿ ಬಲ್ಗರ್‌ಆಲ್ಪೀನ್ ಅಂತ ಮಾಡಿದರು. ಎ110ಕ್ಕಿಂತ ಮೊದಲಿನ ಎ108 ಬ್ರೆಜಿಲ್‌ನಲ್ಲಿ ತಯಾರಾಯಿತು. ಯಾರು ಮಾಡಿದ್ದು ಗೊತ್ತಾ? ವಿಲ್ಲಿಸ್‌ನ ಬ್ರೆಜಿಲ್ ಕಂಪನಿ. ಹೆಸರು ವಿಲ್ಲಿಸ್ ಇಂಟರ್‌ಲಾಗೋಸ್. ಸಾವೊ ಪೌಲೊದ ರೇಸ್ ಟ್ರ್ಯಾಕಿನ ಹೆಸರು ಅದು. ನಮ್ಮ ಶೆಡ್ಡಿನಲ್ಲಿ ನಿಂತಿರುವ ಜೀಪಿನ ಮೂತಿ ಮೇಲಿರುವ ಅದೇ ವಿಲ್ಲಿಸ್. ಅಲ್ಲೂ ಕಾಫಿ ಸೀಮೆ, ಇಲ್ಲೂ ಕಾಫಿ ಸೀಮೆ. ಅಲ್ಲಿನವರಿಗೆ ಅವರು ಜೀಪಿನ ಜೊತೆಗೆ ಸ್ಪೋರ್ಟ್ಸ್ ಕಾರನ್ನೂ ಕೊಟ್ಟರು. ನಮ್ಮಲ್ಲಿ ಮಹೀಂದ್ರ 1940ರ ದಶಕದ ಕೊನೆಯಲ್ಲಿ ಜೀಪು ಜೋಡಿಸೋಕೆ ಶುರು ಮಾಡಿತು, ಅದೇ ನಮ್ಮ ಪಾಲಿಗೆ ಬಂದಿದ್ದು. ನನಗೆ ಅದರಲ್ಲಿ ಏನೂ ಕೊರತೆ ಅನ್ನಿಸಿಲ್ಲ.

ಇನ್ನೊಂದು. ನಾವು ತೋಟದವರು ತೂಕವನ್ನು 50 ಕೆಜಿ ಮೂಟೆಯಲ್ಲಿ ನೋಡುವವರು. ಹಳೇ ಎ110 ಅಂದರೆ 14 ಮೂಟೆ. ಹೊಸದು 22 ಮೂಟೆ. ಸುಪ್ರಾ 30 ಮೂಟೆ. 55 ವರ್ಷದಲ್ಲಿ ಏರ್‌ಬ್ಯಾಗ್ ಬಂತು, ಎಸಿ ಬಂತು, ಗುದ್ದಿದರೂ ಜೀವ ಉಳಿಯುವ ಹಾಗೆ ಕಟ್ಟೋದು ಬಂತು. ಅಷ್ಟೆಲ್ಲ ಸೇರಿಸಿಯೂ ಎಂಟೇ ಮೂಟೆ ಜಾಸ್ತಿ ಅಂದರೆ ಅವರು ಮನಸ್ಸಿಟ್ಟು ಮಾಡಿದ್ದಾರೆ. ಈ ವಿಷಯದಲ್ಲಿ ನಾನು ಮೂಡಿಗೆರೆ ಸರ್ ಕಡೆ.

ಕಾಫಿ ಹೂವು:

ಸಕಲೇಶಪುರದಿಂದ ಬರೀತಿದ್ದೀನಿ. ಆಲ್ದೂರಿನ ಅಣ್ಣ ಹೇಳಿದ ಇಂಟರ್‌ಲಾಗೋಸ್ ಕಥೆ ಎಷ್ಟು ಚೆನ್ನಾಗಿದೆ!

ನನ್ನ ಅನುಭವ ಬೈಕಿನದು. ಅಪ್ಪನ ಹತ್ತಿರ ಜಾವಾ ಇತ್ತು, ಮೈಸೂರಿನಲ್ಲಿ ತಯಾರಾಗಿದ್ದು. ನನಗೆ ಬೈಕ್ ಕಲಿಸಿದ್ದು ಅದರಲ್ಲೇ. ಅದರ ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ. ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್. ಒದ್ದು ಸ್ಟಾರ್ಟ್ ಆದಮೇಲೆ ಮುಂದಕ್ಕೆ ಕೆಡವಿದರೆ ಗೇರ್. ಮೊದಲ ದಿನ ಅಪ್ಪ ನನ್ನ ಪಾದ ಹಿಡಿದು ಅದರ ಮೇಲೆ ಇಟ್ಟು ತೋರಿಸಿದ್ದರು. 2018ರಲ್ಲಿ ಜಾವಾ ಮತ್ತೆ ಬಂದಾಗ ಶೋರೂಮಿಗೆ ಹೋದೆ. ಟ್ಯಾಂಕ್ ಅದೇ, ಮರೂನ್ ಬಣ್ಣ ಅದೇ, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಅದೂ ಹಾಗೇ. ಬಗ್ಗಿ ನೋಡಿದೆ, ಆ ಲಿವರ್ ಇಲ್ಲ. 293 ಸಿಸಿ, ನಾಲ್ಕು ಸ್ಟ್ರೋಕ್, ಬಟನ್ ಒತ್ತಿದರೆ ಸ್ಟಾರ್ಟ್. ಒಳ್ಳೇ ಗಾಡಿ. ಆದರೆ ಕಣ್ಣಲ್ಲಿ ನೀರು ಬಂತು, ನಿಜ ಹೇಳ್ತೀನಿ.

ಅದಕ್ಕೇ ರ‍್ಯಾಲಿ ಅವರ ಗೇರ್ ಲಿವರಿನ ಬೇಜಾರು ನನಗೆ ಪೂರ್ತಿ ಅರ್ಥ ಆಗುತ್ತದೆ. ಒಂದು ಗಾಡಿಯಲ್ಲಿ ನಮ್ಮ ಕೈಕಾಲು ಕಲಿತ ಜಾಗ ಒಂದು ಇರುತ್ತದೆ. ಅದು ಹೋದರೆ ಬಣ್ಣ, ಆಕಾರ ಎಷ್ಟಿದ್ದರೂ ಸಾಲಲ್ಲ.

ಮೂಡಿಗೆರೆ ಮಳೆ:

ಅಕ್ಕ, ನೀವು ಬರೆದಿದ್ದನ್ನು ಎರಡು ಸಲ ಓದಿದೆ. ಗೇರ್ ವಿಷಯದಲ್ಲಿ ನಾನು ಸೋತೆ ಅಂತಲೇ ಇಟ್ಟುಕೊಳ್ಳಿ. ಓಡಿಸುವಾಗ ನನ್ನ ಬಲಗೈ ಎರಡು ಮೂರು ಸಲ ಸುಮ್ನೆ ಮಧ್ಯಕ್ಕೆ ಹೋಗಿತ್ತು. ಅಲ್ಲಿ ಮೂರು ಬಟನ್ ಬಿಟ್ಟರೆ ಏನೂ ಇರಲಿಲ್ಲ.

ಆದರೆ ಇಂಜಿನ್ ಜಾಗದ ವಿಷಯದಲ್ಲಿ ನಾನು ಬಿಟ್ಟುಕೊಡಲ್ಲ. ಹಿಂದೆ ನೇತಾಡುವ ಇಂಜಿನ್ ರೆಡೆಲೆಯವರ ಆಯ್ಕೆ ಆಗಿರಲಿಲ್ಲ. ಅವರಿಗೆ ಸಿಕ್ಕಿದ್ದು ರೆನೋ ಕಾರುಗಳ ಸಾಮಾನು, ಆ ಕಾರುಗಳಲ್ಲಿ ಇಂಜಿನ್ ಹಿಂದೆ ಇತ್ತು, ಅದನ್ನೇ ಬಳಸಿದರು. ಹಗುರ ಮಾಡಿದ್ದು ಮಾತ್ರ ಅವರ ಸ್ವಂತ ತೀರ್ಮಾನ. ಹೊಸಬರು ಹಗುರತನ ಉಳಿಸಿಕೊಂಡು ಹಿಂದೆ ನೇತಾಡುವ ಇಂಜಿನ್ ಬಿಟ್ಟಿದ್ದಾರೆ. ಸರಿಯಾದದ್ದನ್ನೇ ಆರಿಸಿದ್ದಾರೆ. ಮೊದಲು 2012ರಲ್ಲಿ ರೆನೋದವರು ಇಂಗ್ಲೆಂಡಿನ ಕೇಟರ್‌ಹ್ಯಾಮ್ ಕಂಪನಿ ಜೊತೆ ಸೇರಿ ಶುರು ಮಾಡಿದ್ದ ಕೆಲಸ ಇದು. ಎರಡು ವರ್ಷಕ್ಕೆ ಆ ಜೊತೆ ಮುರಿಯಿತು. ಆಗಲೇ ಕೈಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಮೊದಲ ಬ್ಯಾಚಿನಲ್ಲಿ 1955 ಕಾರು ಮಾಡಿದರು, ಕಂಪನಿ ಹುಟ್ಟಿದ ವರ್ಷದ ಲೆಕ್ಕಕ್ಕೆ.

ಹಾಸನದ ಗ್ಯಾರೇಜ್ ಸರ್ ಕೇಳಿದ ರಿಪೇರಿ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ನಾನು ಓಡಿಸಿದ ಕಾರಿನ ಬಾಗಿಲಿಗೆ ಪಾರ್ಕಿಂಗ್‌ನಲ್ಲಿ ಯಾರೋ ತಾಗಿಸಿ ಹೋಗಿದ್ದರಂತೆ. ಸರಿ ಮಾಡುವ ಜಾಗ ಹುಡುಕಿಕೊಂಡು ತುಂಬಾ ದೂರ ಹೋಗಬೇಕಾಯಿತಂತೆ.

ಬೇಲೂರು ಬೈಪಾಸ್:

ಇದು ನಮ್ಮಲ್ಲಿ ಸಿಗುತ್ತಾ ಸರ್? ಬೆಲೆ ಎಷ್ಟಾಗಬಹುದು?

ಮೂಡಿಗೆರೆ ಮಳೆ:

ಆಲ್ಪೀನ್ ನಮ್ಮ ದೇಶದಲ್ಲಿ ಮಾರಾಟಕ್ಕಿಲ್ಲ. ಇಂಗ್ಲೆಂಡ್, ಜಪಾನ್‌ಗೆ ಬಲಗಡೆ ಸ್ಟೇರಿಂಗ್ ಇರುವುದನ್ನು ತಯಾರು ಮಾಡಿದ್ದಾರೆ. ತರಿಸಿದರೂ ಆಮದು ಸುಂಕವೇ ತುಂಬಾ ಬರುತ್ತದೆ. ಎತ್ತರ ಒಂದೂಕಾಲು ಮೀಟರ್, ಅಂದರೆ ನಮ್ಮ ಎದೆಮಟ್ಟ. ಶಿರಾಡಿಯಲ್ಲಿ ಮಳೆಗಾಲದ ಗುಂಡಿಗೆ ಇಳಿಸೋಕೆ ಮನಸ್ಸು ಬರಲ್ಲ.

ಮೆಕ್ಯಾನಿಕಲ್ ಮೂರನೇ ವರ್ಷ:

ಎಲ್ಲ ಓದಿದೆ. ಮೂಟೆ ಲೆಕ್ಕ ತಲೆಯಲ್ಲಿ ಕೂತುಬಿಟ್ಟಿದೆ. ಬ್ಯಾಟರಿ ಅಂದರೆ ಭಾರ. ಹಾಗಾದರೆ ಎಲೆಕ್ಟ್ರಿಕ್ ಎ110ಗೆ ನಿಜವಾದ ಪರೀಕ್ಷೆ ಲೈಟಿನದಲ್ಲ, ಮೂಟೆಯದು ಅಲ್ವಾ ಸರ್? ಆ ಭಾರವನ್ನು ಎಲ್ಲಿ ಕಮ್ಮಿ ಮಾಡ್ತಾರೆ ಅಂತ ನೋಡೋಕೆ ನನಗೆ ಈಗ ಆಸಕ್ತಿ ಬಂದಿದೆ. ಪ್ರಾಜೆಕ್ಟ್‌ಗೆ ಇದನ್ನೇ ತಗೊಳ್ಳೋಣ ಅಂತಿದ್ದೀನಿ.

ಇನ್ನೊಂದು ಕೇಳಬೇಕಿತ್ತು. ಹಳೇ ಜೀಪಿಗೂ ಥಾರ್‌ಗೂ ಎಷ್ಟು ಮೂಟೆ ವ್ಯತ್ಯಾಸ?

ಹಾಸನ ಗ್ಯಾರೇಜ್:

ಒಳ್ಳೇ ಪ್ರಶ್ನೆ ಮಗಾ. ಪ್ರಾಜೆಕ್ಟ್ ಮಾಡುವಾಗ ಗ್ಯಾರೇಜಿಗೆ ಬಾ. ಆ ಡಾಲ್ಫಿನ್‌ನ ಒಂದು ಬಾನೆಟ್ ಅಟ್ಟದ ಮೇಲಿದೆ. ಕೈಯಲ್ಲಿ ಎತ್ತಿ ನೋಡು, ಹಗುರ ಅಂದರೆ ಏನು ಅಂತ ಪುಸ್ತಕಕ್ಕಿಂತ ಬೇಗ ಗೊತ್ತಾಗುತ್ತದೆ.

ಆಲ್ದೂರು ಜೀಪ್:

ತಮ್ಮ ಕೇಳಿದ ಮೇಲೆ ಸುಮ್ಮನಿರೋಕೆ ಆಗಲಿಲ್ಲ. ನಿನ್ನೆ ಕಾಫಿ ಲೋಡ್ ತೂಕ ಹಾಕಿಸೋಕೆ ವೇಬ್ರಿಡ್ಜ್‌ಗೆ ಹೋಗೋದಿತ್ತು. ಜೀಪಿನಲ್ಲಿ ಹೋದೆ. ಅಳಿಯನಿಗೆ ಫೋನ್ ಮಾಡಿ ಅವನ ಥಾರ್ ಕೂಡ ತರಿಸಿದೆ, 2020ರ ನಂತರದ ಹೊಸ ಮಾದರಿ. ಎರಡನ್ನೂ ಖಾಲಿ ಮಾಡಿ, ಡ್ರೈವರ್ ಇಳಿದು, ಒಂದಾದಮೇಲೊಂದು ತೂಕ ಹಾಕಿಸಿದೆವು. ಜೀಪು ಥಾರ್‌ಗಿಂತ ಹತ್ತು ಮೂಟೆಗೂ ಜಾಸ್ತಿ ಹಗುರ. ವೇಬ್ರಿಡ್ಜ್‌ನವರು "ಗೌಡ್ರೇ, ಖಾಲಿ ಗಾಡಿ ತೂಕ ಯಾಕೆ" ಅಂತ ಕೇಳಿದರು. ಹೇಳಿದೆ. ಅವರೂ ಹೊರಗೆ ಬಂದು ಜೀಪಿನ ಸುತ್ತ ಒಂದು ಸುತ್ತು ಹಾಕಿದರು.

ಅಳಿಯನ ಥಾರ್ ಬಗ್ಗೆ ನನಗೆ ದೂರಿಲ್ಲ. ಬೆಂಗಳೂರಿಗೆ ಅದರಲ್ಲೇ ಹೋಗಿ ಬರ್ತೀವಿ, ಮಗಳು ಮೊಮ್ಮಕ್ಕಳು ಆರಾಮಾಗಿ ಮಲಗಿರ್ತಾರೆ. ಆದರೆ ಜುಲೈನಲ್ಲಿ ತೋಟದ ಕೆಳಗಿನ ಗದ್ದೆ ಬದಿಯ ಕೆಸರಿಗೆ ಇಳಿಸೋದು ಅಜ್ಜನ ಜೀಪನ್ನೇ. ಹೂತರೆ ನಾಲ್ಕು ಜನ ತಳ್ಳಿ ಎತ್ತಬಹುದು. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಅಂತ ರಿಜಿಸ್ಟರ್ ಮಾಡಿಸಬಹುದು, 20,000 ರೂಪಾಯಿ ಕಟ್ಟಿದರೆ ವಿಎ ಅಂತ ಬೇರೆ ನಂಬರ್ ಸಿಗುತ್ತದೆ. ಸ್ನೇಹಿತರು ಮಾಡಿಸು ಅಂತಾರೆ. ಹಾಗೆ ಮಾಡಿಸಿದರೆ ದಿನಾ ಓಡಿಸುವ ಹಾಗಿಲ್ಲ. ಅದಕ್ಕೇ ಮಾಡಿಸಿಲ್ಲ.

ಕೆಎ-18 ರ‍್ಯಾಲಿ:

ಅಣ್ಣ, ಆ ಜೀಪನ್ನು ಒಂದು ಸಲ ನೋಡಬೇಕು. ಗೇರ್ ಲಿವರ್ ಹಿಡಿದು ನೋಡಬೇಕು, ಅಷ್ಟೇ. ಯಾವಾಗ ಬರಲಿ?

ಆಲ್ದೂರು ಜೀಪ್:

ಭಾನುವಾರ ಬನ್ನಿ, ಎಲ್ಲರೂ ಬನ್ನಿ. ಕೈಮರದ ಕಡೆಯಿಂದ ಬರೋರು ನನಗೆ ಮೊದಲೇ ಮೆಸೇಜ್ ಹಾಕಿ, ತೋಟದ ಗೇಟ್ ತೆಗೆಸಿರ್ತೀನಿ. ಮೊದಲನೇ ಗೇರ್ ಸ್ವಲ್ಪ ಹಟ ಮಾಡುತ್ತೆ. ಎರಡನೇದಕ್ಕೆ ಒಮ್ಮೆ ತಾಗಿಸಿ ಆಮೇಲೆ ಹಾಕಬೇಕು. ಬಂದಾಗ ತೋರಿಸ್ತೀನಿ.